ಮಗುವನ್ನು ಯಾವ ಶಾಲೆಗೆ ಸೇರಿಸಬೇಕು?

(ಬುಕ್ಕಸಾಗರದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಯುಗಾದಿ ಕಳೆಯಿತೆಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: ಮಗುವನ್ನು ಎಲ್ಲಿಗೆ ಹಾಕುವುದು? ಕಂಪ್ಲಿಯ ಬಸ್ಸು ಹತ್ತಿಸುವುದೋ, ಹೊಸಪೇಟೆಗೆ ಕಳಿಸುವುದೋ? ಭತ್ತ ಮನೆಗೆ ಬರುವ ಮೊದಲೇ ಅದರ ಮೇಲೆ ಸಾಲ ತಂದು ಫೀಜು ಕಟ್ಟುವವರಿದ್ದಾರೆ. ಅವರನ್ನು ನಾವು ದೂರುವುದಿಲ್ಲ. ಇಂಗ್ಲಿಷ್ ಬಾರದವನಿಗೆ ಕಚೇರಿಯ ಬಾಗಿಲು ಅರ್ಧವೇ ತೆರೆಯುತ್ತದೆಂಬುದನ್ನು ಅವರು ಅನುಭವಿಸಿಯೇ ತಿಳಿದಿದ್ದಾರೆ. ಆಳುವವರಿಗೊಂದು ಭಾಷೆ, ಜನಕ್ಕೊಂದು ಭಾಷೆ ಎಂಬ ಈ ಅನ್ಯಾಯದ ವಿರುದ್ಧವೇ ಡಾ. ಲೋಹಿಯಾ ಹೋರಾಡಿದ್ದು.

ಆದರೆ ಮೂರು ವರ್ಷದ ಕೂಸಿಗೆ ಕಚೇರಿಯ ಚಿಂತೆಯಿಲ್ಲ. ಮನೆಮಾತಿನಲ್ಲಿ ಕಥೆ ಕೇಳಿ, ಹುಣಸೆ ಬೀಜ ಎಣಿಸಿ, ಕಂಡಕಂಡದ್ದಕ್ಕೆಲ್ಲ ಪ್ರಶ್ನೆ ಹಾಕಿ ಬೆಳೆದ ಮಗು ಮುಂದೆ ಇನ್ನೊಂದು ಭಾಷೆಯನ್ನೂ ಚೆನ್ನಾಗಿ ಹಿಡಿಯುತ್ತದೆ. ಅರ್ಥವಾಗದ ಪದ್ಯವನ್ನು ಗಿಳಿಯಂತೆ ಒಪ್ಪಿಸುವುದು ಇಂಗ್ಲಿಷ್ ಕಲಿತಂತಲ್ಲ. ಆ ವಯಸ್ಸಿಗೆ ಅಂಗನವಾಡಿಯಲ್ಲಿ ಆಟ, ಹಾಡು, ಊಟ ಸರಿಯಾಗಿ ನಡೆಯುತ್ತಿದ್ದರೆ ಅದೇ ಒಳ್ಳೆಯ ಶಾಲೆ.

ದೊಡ್ಡ ಶಾಲೆ ನೋಡಲು ಹೋದಾಗ ಕಟ್ಟಡದ ಬಣ್ಣ, ಟೈ, ಬೂಟುಗಳಿಗೆ ಮರುಳಾಗಬೇಡಿ. ಅರ್ಧ ಗಂಟೆ ತರಗತಿಯ ಬಾಗಿಲಲ್ಲಿ ನಿಲ್ಲಿ. ಮಕ್ಕಳು ಬಾಯಿ ಬಿಡುತ್ತಾರೋ, ಮೇಷ್ಟರೊಬ್ಬರೇ ಮಾತಾಡುತ್ತಾರೋ? ಹಿಂದೆ ಬಿದ್ದ ಮಗುವಿನ ಬಳಿ ಹೋಗಿ ಯಾರಾದರೂ ಕೂರುತ್ತಾರೋ? ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿದೆಯೋ, ಅದಕ್ಕೆ ಬೀಗ ಬಿದ್ದಿದೆಯೋ? ಒಂದನೆಯ ತರಗತಿಗೆ ಸೇರಿಸಿಕೊಳ್ಳಲು ಮಗುವಿಗೋ ನಿಮಗೋ ಪರೀಕ್ಷೆ ಇಟ್ಟರೆ, ಡೊನೇಷನ್ ಕೇಳಿದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು ಎರಡನ್ನೂ ನಿಷೇಧಿಸಿದೆ ಎಂದು ಹೇಳಿ.

ಸರ್ಕಾರಿ ಶಾಲೆಯನ್ನೂ ಇದೇ ಕಣ್ಣಿನಿಂದ ನೋಡಿ. ಅಲ್ಲಿ ಕೊರತೆಯಿಲ್ಲವೆಂದು ನಾವು ಹೇಳಲಾರೆವು. ಅದೇ ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿದ್ದರೆ ಸಾಕು. ಐದು ತರಗತಿಗೆ ಇಬ್ಬರು! 61ನೆಯ ಮಗು ಬಂದರೆ ಮೂರನೆಯವರನ್ನು ಕೊಡಬೇಕು. ಎಂದರೆ, ಬಸ್ಸು ಹತ್ತುವ ಒಂದೊಂದು ಮಗುವಿನ ಹಿಂದೆ ಊರಿನ ಶಿಕ್ಷಕರೂ ಹೊರಟುಹೋಗುತ್ತಾರೆ. ಶಿಕ್ಷಕರಿಲ್ಲವೆಂದು ಮತ್ತೆ ನಾಲ್ಕು ಮಕ್ಕಳು ಬಸ್ಸು ಹತ್ತುತ್ತಾರೆ. ಕೊನೆಗೆ ಉಳಿಯುವುದು ಬಾಳೆ ತೋಟದ ಕೂಲಿಗೆ ಹೋಗುವ ತಾಯಿಯ ಮಗು. ಖಾಸಗಿ ಶಾಲೆಗಳಲ್ಲಿ ಬಡವರಿಗೆಂದಿದ್ದ ಶೇಕಡ 25 ಸ್ಥಾನಗಳೂ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇರುವ ಕಡೆ, ನಮ್ಮ ರಾಜ್ಯದಲ್ಲಿ 2019ರಿಂದ ಕೈತಪ್ಪಿವೆ. ಆ ಮಗುವಿಗೆ ಊರ ಶಾಲೆ ಬಿಟ್ಟರೆ ಇನ್ನಾವುದಿದೆ? ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ನೆರೆಯ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಕೊಠಾರಿ ಆಯೋಗವು 1966ರಲ್ಲೇ ಹೇಳಿತ್ತು. ಎಷ್ಟು ಸರ್ಕಾರಗಳು ಬಂದುಹೋದವು!

ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾನೂನೇ ಇದೆ. ಈ ವಾರವೇ ಹತ್ತು ಮನೆಯವರು ಒಟ್ಟಾಗಿ ಊರ ಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರಿಂದ ಖಾಲಿ ಹುದ್ದೆಗಳ ಲೆಕ್ಕ ಪಡೆಯಿರಿ. ಅರ್ಜಿ ಬರೆದುಕೊಡುವುದು ನಮ್ಮ ಕೆಲಸ. ಹೊಸಪೇಟೆಯ ಶಿಕ್ಷಣಾಧಿಕಾರಿಗಳ ಕಚೇರಿಗೆ ನಿಮ್ಮೊಡನೆ ನಾವೂ ಬರುತ್ತೇವೆ.