ಆರಿಸಿದರೂ ಆರದ ಲ್ಯಾಪ್‌ಟಾಪ್



2020ರ ಜೂನ್ ತಿಂಗಳು. ಕೋವಿಡ್‌ನಿಂದಾಗಿ ಕೇರಳದ ಶಾಲೆಗಳ ಬಾಗಿಲು ಮುಚ್ಚಿತ್ತು. ಜೂನ್ 1ರಿಂದ ವಿಕ್ಟರ್ಸ್ ಎಂಬ ಶೈಕ್ಷಣಿಕ ಟಿವಿ ಚಾನೆಲಿನಲ್ಲಿ ‘ಫಸ್ಟ್ ಬೆಲ್’ ಪಾಠ ಶುರುವಾಗಿತ್ತು. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಯೂಟ್ಯೂಬ್ ನೋಡಿ ಕಲಿಯಬೇಕು. ಮೊಬೈಲಿನ ಸಣ್ಣ ಪರದೆ ಸಾಲದೆಂದು ಮೊಮ್ಮಗಳು ಕಪಾಟಿನಿಂದ ನನ್ನ ಹಳೆಯ ಲ್ಯಾಪ್‌ಟಾಪ್ ಇಳಿಸಿದಳು. ಪಾಠವೇನೋ ಚೆನ್ನಾಗಿ ನಡೆಯಿತು. ಸಂಜೆ ಬಂದು, “ಅಜ್ಜಾ, ಇದು ಆಫೇ ಆಗುವುದಿಲ್ಲ” ಅಂದಳು. ನೋಡಿದರೆ ಪರದೆ ಕಪ್ಪಾಗಿದೆ, ಒಳಗೆ ಫ್ಯಾನು ಮಾತ್ರ ತಿರುಗುತ್ತಲೇ ಇದೆ, ಅಂಚಿನ ನೀಲಿ ದೀಪ ಕಣ್ಣು ಬಿಟ್ಟುಕೊಂಡೇ ಇದೆ. ಅಂಗಳಕ್ಕೆ ಹೋಗಿ ಒಣಹಾಕಿದ್ದ ಬಟ್ಟೆ ತೆಗೆದುಕೊಂಡು ಬಂದರೂ ಹಾಗೇ, ಊಟ ಮುಗಿಸಿ ಬಂದರೂ ಹಾಗೇ.

ಬೇರೆ ವರ್ಷವಾಗಿದ್ದರೆ ಬೆಳಗಿನ ಬಸ್ಸಿನಲ್ಲಿ ಮಂಗಳೂರಿಗೆ ಒಯ್ಯುತ್ತಿದ್ದೆ. ಕಾಸರಗೋಡಿನವರಿಗೆ ಆಸ್ಪತ್ರೆಗೂ ರಿಪೇರಿಗೂ ಮಂಗಳೂರೇ ಅಲ್ಲವೇ? ಆದರೆ ಆ ವರ್ಷ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತ್ತು. ಜೂನ್ ಬಂದರೂ ಹೋಗಿಬರುವುದು ಮೊದಲಿನಷ್ಟು ಸಲೀಸಾಗಿರಲಿಲ್ಲ. ಸ್ಕ್ರೂಡ್ರೈವರ್ ಮುಟ್ಟುವ ಧೈರ್ಯ ನನಗಿಲ್ಲ. ಹಾಗಾಗಿ, ಕಂಪ್ಯೂಟರ್ ಆಫ್ ಆಗುವುದೆಂದರೆ ಏನು ಎಂದು ಓದಲು ಕುಳಿತೆ. ಅದಕ್ಕೂ ಒಂದು ಚರಿತ್ರೆ ಇದೆ ಎಂದು ಗೊತ್ತಾದದ್ದು ಆಗ.

1981ರಲ್ಲಿ ಐಬಿಎಂ ಕಂಪೆನಿ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರ ಬಲ ಮಗ್ಗುಲಲ್ಲಿ, ಹಿಂದುಗಡೆ, ದಪ್ಪನೆಯ ಕೆಂಪು ಸ್ವಿಚ್ಚೊಂದಿತ್ತು. ‘ಟಕ್’ ಎಂದು ಕೆಳಗೆ ಒತ್ತಿದರೆ ಕರೆಂಟು ಕಡಿಯಿತು, ಯಂತ್ರ ಸತ್ತಿತು. ನಮ್ಮ ಪಂಪ್‌ಸೆಟ್ಟಿನ ಸ್ವಿಚ್ಚಿದ್ದ ಹಾಗೆ. ಮನುಷ್ಯನಿಗೂ ತಂತಿಗೂ ನಡುವೆ ಇನ್ಯಾರೂ ಇರಲಿಲ್ಲ. ಹಾರ್ಡ್ ಡಿಸ್ಕ್ ಇದ್ದ ಯಂತ್ರಗಳಿಗೆ ಮಾತ್ರ ಒಂದು ಎಚ್ಚರಿಕೆ ಬೇಕಿತ್ತು. ಅಂದಿನ ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ, ಗಾಳಿಯ ತೆಳು ಪದರದ ಆಸರೆಯಲ್ಲಿ, ಓದುವ ಮುಳ್ಳು ತೇಲುತ್ತಿರುತ್ತದೆ. ಕರೆಂಟು ತಟ್ಟನೆ ಹೋದರೆ ಮುಳ್ಳು ತಟ್ಟೆಗೆ ತಾಗಿ ಗೀರಬಹುದು. ಅದಕ್ಕೇ ಆಫ್ ಮಾಡುವ ಮೊದಲು ‘ಪಾರ್ಕ್’ ಎಂದು ಟೈಪು ಮಾಡಿ ಮುಳ್ಳನ್ನು ಬದಿಗೆ ಸರಿಸುವ ಕ್ರಮವಿತ್ತು. ಆಮೇಲೆ ಬಂದ ಡಿಸ್ಕುಗಳು ತಾವಾಗಿಯೇ ಬದಿಗೆ ಸರಿಯಲು ಕಲಿತವು.

1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂತು. ಅದು ಬರೆಯಬೇಕಾದುದನ್ನೆಲ್ಲ ಕೂಡಲೇ ಡಿಸ್ಕಿಗೆ ಬರೆಯುವುದಿಲ್ಲ. ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳುತ್ತದೆ. ನಡುವೆ ಸ್ವಿಚ್ಚು ಕಡಿದರೆ ಬರೆದದ್ದು ಅರ್ಧಂಬರ್ಧ. ಹೀಗಾಗಿ ಮೊದಲು ಷಟ್‌ಡೌನ್ ಹೇಳಿ ಕಾಯಬೇಕು. ಕಪ್ಪು ಪರದೆಯಲ್ಲಿ ಕಿತ್ತಳೆ ಬಣ್ಣದ ಅಕ್ಷರ ಮೂಡಿ, ಇನ್ನು ಆಫ್ ಮಾಡಿದರೆ ಅಪಾಯವಿಲ್ಲ ಎಂದು ಅಭಯ ಕೊಟ್ಟ ಮೇಲೆಯೇ ಸ್ವಿಚ್ಚು ಒತ್ತಬೇಕು. ಆ ಕಿತ್ತಳೆ ಅಕ್ಷರಕ್ಕಾಗಿ ಕಾದು ಕುಳಿತವರು ಈಗ ಐವತ್ತರ ಆಸುಪಾಸಿನಲ್ಲಿದ್ದೀರಿ.

ಅದೇ 1995ರಲ್ಲಿ ಇಂಟೆಲ್ ಕಂಪೆನಿ ಎಟಿಎಕ್ಸ್ ಎಂಬ ಹೊಸ ವಿನ್ಯಾಸ ತಂದಿತು. ಅದಕ್ಕೂ ಮೂರು ವರ್ಷ ಮೊದಲೇ, 1992ರಲ್ಲಿ, ಎಪಿಎಂ ಎಂಬ ವಿದ್ಯುತ್ ನಿರ್ವಹಣೆಯ ಕಟ್ಟಳೆ ಹುಟ್ಟಿತ್ತು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ ಎಸಿಪಿಐ ಎಂಬ ಇನ್ನೊಂದನ್ನು ಹೊರಡಿಸಿದವು. ಹೆಸರುಗಳನ್ನು ನೀವು ನೆನಪಿಡಬೇಕಾಗಿಲ್ಲ. ನಡೆದದ್ದಿಷ್ಟು: ಸ್ವಿಚ್ಚಿನ ಕೈಯಿಂದ ಕತ್ತಿ ಕಿತ್ತುಕೊಂಡು ಅರ್ಜಿ ಕೊಟ್ಟರು. ಗುಂಡಿ ಒತ್ತಿದರೆ ಈಗ ಕರೆಂಟು ಕಡಿಯುವುದಿಲ್ಲ. “ದಯವಿಟ್ಟು ಆರಿಸಿ” ಎಂಬ ಅರ್ಜಿ ಒಳಗೆ ಹೋಗುತ್ತದೆ. ಕಡಿಯುವವನು ಒಳಗಿದ್ದಾನೆ. ಆರಿದ ಮೇಲೂ ಐದು ವೋಲ್ಟಿನ ಒಂದು ಎಳೆ ಮದರ್‌ಬೋರ್ಡಿನಲ್ಲಿ ಜೀವಂತ ಇರುತ್ತದೆ, ಮುಂದಿನ ಅರ್ಜಿಗೆ ಕಿವಿಗೊಟ್ಟುಕೊಂಡು.

ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಊರಿನವರಿಗೆ ಇದನ್ನು ಯಕ್ಷಗಾನದ ಆಟದ ಭಾಷೆಯಲ್ಲಿ ಹೇಳುವುದೇ ಸುಲಭ. ಭಾಗವತರು ಮಂಗಳ ಹಾಡಿದೊಡನೆ ಆಟ ಮುಗಿಯಿತೆಂದು ನಾವು ಚಾಪೆ ಮಡಚುತ್ತೇವೆ. ಚೌಕಿಯಲ್ಲಿ ಕೆಲಸ ಆಗ ಶುರು. ಕಿರೀಟ ಇಳಿಯಬೇಕು, ಬಣ್ಣ ತೆಗೆಯಬೇಕು, ಪೆಟ್ಟಿಗೆ ತುಂಬಬೇಕು. ಒಬ್ಬ ವೇಷಧಾರಿ ಕಿರೀಟ ಬಿಚ್ಚದೆ ಕುಳಿತರೆ ಲಾರಿ ಹೊರಡುವುದಿಲ್ಲ. ಲ್ಯಾಪ್‌ಟಾಪಿನಲ್ಲೂ ಹಾಗೆ. ಮೊದಲು ತೆರೆದ ಪ್ರೋಗ್ರಾಮುಗಳಿಗೆ, ಆಮೇಲೆ ಹಿನ್ನೆಲೆಯ ಸೇವೆಗಳಿಗೆ, ಕೊನೆಗೆ ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶಗಳಿಗೆ ಹೇಳಿಕೆ ಹೋಗುತ್ತದೆ. ಎಲ್ಲರೂ ಆಯಿತೆಂದ ಮೇಲೆ ಕರೆಂಟು ಕಡಿಯುವ ಅಪ್ಪಣೆ.

ಈ ಹೊಸ ಕ್ರಮ ಶುರುವಿನಲ್ಲೇ ಮುಗ್ಗರಿಸಿತು. ವಿಂಡೋಸ್ 98ರ ಕೆಲವು ಯಂತ್ರಗಳು ಷಟ್‌ಡೌನಿನ ನಡುವೆ ಸ್ತಬ್ಧವಾಗಿ ನಿಲ್ಲುತ್ತಿದ್ದವು. ಎರಡನೇ ಆವೃತ್ತಿಗೆಂದೇ ಮೈಕ್ರೋಸಾಫ್ಟ್ ಒಂದು ತೇಪೆ ಬಿಡಬೇಕಾಯಿತು. ನಾನು ಮದುವೆ ಕಾಗದ ಮಾಡಿಸಲು ಹೋಗುತ್ತಿದ್ದ ಡಿಟಿಪಿ ಅಂಗಡಿಯವರು ರಾತ್ರಿ ಗೋಡೆಯ ಪ್ಲಗ್ಗನ್ನೇ ಕಿತ್ತು ಬಾಗಿಲು ಹಾಕುತ್ತಿದ್ದರು. ಬೆಳಿಗ್ಗೆ ಯಂತ್ರ ಡಿಸ್ಕನ್ನು ಪರೀಕ್ಷಿಸುತ್ತ ನೀಲಿ ಪರದೆ ತೋರಿಸುವಾಗ ಅವರು ಚಾ ಕುಡಿಯುತ್ತಿದ್ದರು.

ನಮ್ಮ ಶಾಲೆಗಳದ್ದು ಬೇರೆ ದಾರಿ. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಆಯಿತು. ಅಲ್ಲಿ ವಿಂಡೋಸಿನ ಬದಲು ಲಿನಕ್ಸ್ ನೆಲೆಯೂರಿತು. ಮಂಜೇಶ್ವರದ ಮಗುವೂ ಅದರಲ್ಲೇ ಕಲಿತದ್ದು. ಈಚಿನ ಲಿನಕ್ಸಿನಲ್ಲಿ ಯಾವುದಾದರೂ ಸೇವೆ ಮುಗಿಯಲು ಹಟ ಹಿಡಿದರೆ ಅದರ ಹೆಸರನ್ನೇ ಪರದೆಯಲ್ಲಿ ತೋರಿಸಿ, ಸಾಮಾನ್ಯವಾಗಿ 90 ಸೆಕೆಂಡು ಕಾದು, ಆಮೇಲೆ ಎಳೆದು ಹೊರಹಾಕುತ್ತದೆ. ತಡ ಮಾಡುವವನ ಹೆಸರು ಕರೆಯುವ ಈ ಪದ್ಧತಿ ನನಗೆ ಇಷ್ಟ.

2012ರ ವಿಂಡೋಸ್ 8 ಇನ್ನೊಂದು ಜಾಣತನ ಮಾಡಿತು. ‘ಫಾಸ್ಟ್ ಸ್ಟಾರ್ಟಪ್’ ಎಂದು ಅದರ ಹೆಸರು. ನೀವು ಷಟ್‌ಡೌನ್ ಅಂದರೆ ಅದು ನಿಮ್ಮ ಪ್ರೋಗ್ರಾಮುಗಳನ್ನು ಮುಚ್ಚುತ್ತದೆ ನಿಜ, ಆದರೆ ಒಳಗಿನ ಮುಖ್ಯ ಭಾಗವನ್ನು ಹಾಗೆಯೇ ಡಿಸ್ಕಿನಲ್ಲಿ ಮಲಗಿಸುತ್ತದೆ. ಪೂರ್ತಿ ಮುಗಿಯುವುದು ರೀಸ್ಟಾರ್ಟ್ ಕೊಟ್ಟಾಗ! ಹಳೆಯ ಯಂತ್ರಕ್ಕೆ ಈ ಅರೆನಿದ್ರೆ ಎಷ್ಟೋ ಸಲ ಒಗ್ಗುವುದಿಲ್ಲ. ಶಿಫ್ಟ್ ಕೀ ಒತ್ತಿ ಹಿಡಿದು ಷಟ್‌ಡೌನ್ ಕ್ಲಿಕ್ ಮಾಡಿದರೆ ಆ ಒಂದು ಸಲಕ್ಕೆ ಪೂರ್ತಿ ಆರುತ್ತದೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ಪಿನ ಟಿಕ್ ತೆಗೆದರೆ ಶಾಶ್ವತ.

ಇಷ್ಟು ತಿಳಿದ ಮೇಲೆ ನನ್ನ ಲ್ಯಾಪ್‌ಟಾಪಿನ ಹಟ ಅರ್ಥವಾಗತೊಡಗಿತು. ಅದು ಎಲ್ಲಿ ನಿಂತಿದೆ ಎನ್ನುವುದೇ ಸುಳಿವು. ಪರದೆಯಲ್ಲಿ ಪ್ರೋಗ್ರಾಮಿನ ಹೆಸರು ಬಂದು ನಿಂತರೆ ತಪ್ಪು ಆ ಪ್ರೋಗ್ರಾಮಿನದು. ಚುಕ್ಕಿಗಳ ಚಕ್ರ ತಿರುಗುತ್ತಲೇ ಇದ್ದರೆ ಯಾವುದೋ ಸೇವೆಯೋ ಅಪ್‌ಡೇಟೋ ಬಾಕಿ ಇದ್ದೀತು, ತುಸು ಕಾಯುವುದೇ ಲೇಸು. ಆರಿ ಮತ್ತೆ ತಾನಾಗಿ ಹೊತ್ತಿಕೊಂಡರೆ ಮೊದಲು ಮೌಸು, ಪೆನ್‌ಡ್ರೈವುಗಳನ್ನು ಕಿತ್ತು ನೋಡಬೇಕು. ನನ್ನದು ಪರದೆ ಕಪ್ಪಾಗಿ ಫ್ಯಾನು ತಿರುಗುತ್ತಿದ್ದ ಕೇಸು. ಅಂದರೆ ಪ್ರೋಗ್ರಾಮುಗಳೆಲ್ಲ ಚೌಕಿ ಸೇರಿವೆ, ಕೊನೆಯ ಸಾಲಿನ ಡ್ರೈವರೊಂದು ಕಿರೀಟ ಬಿಚ್ಚಿಲ್ಲ.

2020ರ ಜನವರಿ 14ಕ್ಕೆ ವಿಂಡೋಸ್ 7ರ ಬೆಂಬಲ ನಿಂತಿತ್ತು. ಆಗ ಮಗ ಅದೇ ಯಂತ್ರಕ್ಕೆ ವಿಂಡೋಸ್ 10 ಹಾಕಿದ್ದ. ಅದರ ಜೊತೆ ಮದರ್‌ಬೋರ್ಡಿನ ಒಂದು ಚಿಪ್ಪಿಗೆ ಹೊಸ ಡ್ರೈವರ್ ತಾನಾಗಿ ಬಂದು ಕೂತಿತ್ತು. ಏಳು ವರ್ಷ ಹಳೆಯ ಚಿಪ್ಪಿಗೆ ಅದು ಹೊಂದಲಿಲ್ಲ. ಲ್ಯಾಪ್‌ಟಾಪ್ ಮಾಡಿದವರ ತಾಣದಿಂದ ಹಳೆಯ ಡ್ರೈವರನ್ನೇ ಇಳಿಸಿ ಹಾಕಿದೆ, ಫಾಸ್ಟ್ ಸ್ಟಾರ್ಟಪ್ಪನ್ನೂ ತೆಗೆದೆ. ಷಟ್‌ಡೌನ್ ಕೊಟ್ಟು ಇಬ್ಬರೂ ನೋಡುತ್ತ ಕುಳಿತೆವು. ಫ್ಯಾನು ಉಸ್ಸೆಂದು ನಿಂತಿತು, ನೀಲಿ ದೀಪ ಆರಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಯಂತ್ರ ಶುರುವಾದದ್ದಕ್ಕೆ ಚಪ್ಪಾಳೆ ಕೇಳಿದ್ದೇನೆ, ನಿಂತದ್ದಕ್ಕೆ ಕೇಳಿದ್ದು ಅದೊಂದೇ ಸಲ.

ಅರ್ಜಿಗೆ ಯಾರೂ ಓಗೊಡದಿದ್ದರೆ? ಕೆಂಪು ಸ್ವಿಚ್ಚಿನ ಮರಿಯೊಂದನ್ನು ಎಸಿಪಿಐ ಮಾಡಿದವರು ಉಳಿಸಿದ್ದಾರೆ. ಪವರ್ ಗುಂಡಿಯನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಯಾರನ್ನೂ ಕೇಳದೆ ಕರೆಂಟು ಕಡಿಯುತ್ತದೆ. ಕೆಲವು ಲ್ಯಾಪ್‌ಟಾಪಿಗೆ ಹತ್ತು ಸೆಕೆಂಡು ಬೇಕಾದೀತು. ಆಪತ್ತಿಗೆ ಇದು ಸರಿ, ದಿನಾ ಮಾಡಿದರೆ ಕಡತಗಳು ಕೆಡಬಹುದು. ಹಳೆಯ ಲ್ಯಾಪ್‌ಟಾಪಾದರೆ ಬ್ಯಾಟರಿ ಕಳಚಲೂ ಬರುತ್ತದೆ. ಹೊಸತರಲ್ಲಿ ಅದನ್ನು ಒಳಗೇ ಮುಚ್ಚಿಬಿಟ್ಟಿದ್ದಾರೆ.

ಕೊನೆಗೊಂದು ಮಾತು, ನಮ್ಮ ಕಡೆಯವರಿಗೆ. ಪೂರ್ತಿ ಆರಿದ ಲ್ಯಾಪ್‌ಟಾಪಿನ ಚಾರ್ಜರಿನಲ್ಲೂ ಕರೆಂಟು ಇದ್ದೇ ಇರುತ್ತದೆ. ದೀಪಾವಳಿಯ ಹೊತ್ತಿಗೆ ಸಂಜೆಯ ಗುಡುಗು ಮಳೆ ಶುರುವಾದಾಗ, ಆಫ್ ಮಾಡಿದ್ದೇನಲ್ಲ ಎಂದು ಸುಮ್ಮನಿರಬೇಡಿ. ಗೋಡೆಯಿಂದ ಪ್ಲಗ್ಗನ್ನೇ ಕಿತ್ತಿಡಿ.