ಮಣ್ಣಿನ ಸವಕಳಿ: ಕಾರಣಗಳು ಮತ್ತು ತಡೆಯುವ ಉಪಾಯಗಳು

(ಸಂಘದ ರಜತ ಮಹೋತ್ಸವದ ಅಂಗವಾಗಿ ತಾಂಬಾದಲ್ಲಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ದಿನವಿದು. ಹೋಳಿಗಿ ಉಣ್ಣೋ ಹೊತ್ತಿನಾಗ ಮಣ್ಣಿನ ಮಾತು ಯಾಕ ತೆಗೀತಾರ ಅಂತ ಕೆಲವರು ಅಂದಾರು. ಆದರೆ ಸಂಘ ಇಷ್ಟು ವರ್ಷ ನಮಗೆ ಕೊಟ್ಟದ್ದು ಏನು? ಬೀಜ ಕೊಟ್ಟಿತು, ಗೊಬ್ಬರ ಕೊಟ್ಟಿತು, ಸಾಲ ಕೊಟ್ಟಿತು. ಈ ಮೂರೂ ಹೋಗಿ ಬೀಳುವುದು ಮಣ್ಣಿನಲ್ಲೇ. ಆ ಮಣ್ಣೇ ಹಳ್ಳ ಹಿಡಿದು ಹೋದರೆ ಬೀಜನೂ ಹೋತು, ಗೊಬ್ಬರನೂ ಹೋತು, ಸಾಲ ಮಾತ್ರ ಪುಸ್ತಕದಾಗ ಉಳೀತು. ಆದ್ದರಿಂದ ಸಂಘದ ಹಬ್ಬದ ದಿನವೇ ಮಣ್ಣಿನ ಲೆಕ್ಕ ನೋಡುವುದು ಯೋಗ್ಯ ಎಂದು ನಾವು ತಿಳಿದಿದ್ದೇವೆ.

ನಮ್ಮ ಎರಿ ಮಣ್ಣು ಎಲ್ಲಿಂದ ಬಂತು?

ಯಾರಾದರೂ ಹೊಸ ಬಾವಿ ತೋಡುವಾಗ ದಂಡಿಗೆ ನಿಂತು ನೋಡಿರಿ. ಮೇಲೆ ಕರಿ ಎರಿ. ಅದರ ತಳಕ್ಕೆ ಸುಣ್ಣದ ಹರಳು ಬೆರೆತ ಮಣ್ಣು. ಅದರ ಕೆಳಗೆ ಕೈಯಿಂದ ಹಿಚುಕಿದರೆ ಪುಡಿಯಾಗುವ ಗರಸು. ಅದಕ್ಕೂ ಕೆಳಗೆ ಗುದ್ದಲಿಗೆ ಬಗ್ಗದ ಕರಿಗಲ್ಲು. ಇವು ನಾಲ್ಕು ಬೇರೆ ಬೇರೆ ವಸ್ತುಗಳಲ್ಲ. ಒಂದೇ ಕಲ್ಲಿನ ನಾಲ್ಕು ವಯಸ್ಸು ಅಂತ ಅನ್ನಬಹುದು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಲಾವಾರಸ ಪದರು ಪದರಾಗಿ ತಣ್ಣಗಾಯಿತು. ಮಹಾರಾಷ್ಟ್ರದಿಂದ ನಮ್ಮ ಇಂಡಿ, ಸಿಂದಗಿಗಳವರೆಗೆ ಹಾಸಿರುವ ಕರಿಗಲ್ಲು ಅದೇ. ದಕ್ಷಿಣಕ್ಕೆ ತಾಳಿಕೋಟಿ ಕಡೆ ಹೋದರೆ ಸುಣ್ಣದ ಫರಸಿ ಕಲ್ಲು ಸಿಗುತ್ತದೆ, ಅದರ ಜಾತಿ ಬೇರೆ.

ಈ ಕಲ್ಲು ಮಣ್ಣಾಗುವ ಕೆಲಸಕ್ಕೆ ಶಿಲಾ ಶಿಥಿಲತೆ ಎನ್ನುತ್ತಾರೆ. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ರಾತ್ರಿಯ ತಂಪಿಗೆ ಕುಗ್ಗುತ್ತದೆ, ಹೀಗೆ ಆಗಿ ಆಗಿ ಸಣ್ಣ ಬಿರುಕು ಬೀಳುತ್ತದೆ. ಬಿರುಕಿನಲ್ಲಿ ಬೇರು ಇಳಿಯುತ್ತದೆ, ನೀರು ಇಳಿಯುತ್ತದೆ. ಮಳೆಯ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ. ಮಣ್ಣಿನೊಳಗೆ ಬೇರು ಬಿಡುವ ಉಸಿರಿನಿಂದ ಆ ಹುಳಿ ಇನ್ನೂ ಹೆಚ್ಚುತ್ತದೆ. ಈ ಹುಳಿ ನೀರು ಕಲ್ಲನ್ನು ಒಳಗಿಂದ ತಿನ್ನುತ್ತದೆ. ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಕಂದು ಬಣ್ಣ ಕೊಡುತ್ತದೆ. ಒಳಗಿದ್ದ ಸುಣ್ಣ ಕರಗಿ ಕೆಳಗಿಳಿದು, ನಮ್ಮಲ್ಲಿ ಮಳೆ ಕಡಿಮೆ ಇರುವುದರಿಂದ ಪೂರ್ತಿ ಹರಿದು ಹೋಗದೆ, ಹರಳಾಗಿ ನಿಲ್ಲುತ್ತದೆ. ಉಳಿದದ್ದು ನೀರು ಕುಡಿದರೆ ಉಬ್ಬುವ, ಒಣಗಿದರೆ ಬಾಯಿ ಬಿಡುವ ಜಿಗುಟು ಎರಿ. ಗರಸಿನ ಖಣಿಗಳಲ್ಲಿ ಉಳ್ಳಾಗಡ್ಡಿಯ ಸಿಪ್ಪಿಯಂತೆ ಪದರು ಬಿಡುವ ದುಂಡು ಕಲ್ಲುಗಳನ್ನು ನೀವು ನೋಡಿದ್ದೀರಿ. ಅದು ಕಲ್ಲು ಮಣ್ಣಾಗುತ್ತಿರುವ ಗುರುತು.

ಇದಕ್ಕೆ ಎಷ್ಟು ಕಾಲ ಬೇಕು? ವಿಜಯಪುರದ ಗೋಳಗುಮ್ಮಟ 1656ರಲ್ಲಿ ಮುಗಿಯಿತು. ಅದರ ಗೋಡೆಯದೂ ಇದೇ ಜಾತಿಯ ಕರಿಗಲ್ಲು. ಮುನ್ನೂರೈವತ್ತು ವರ್ಷಕ್ಕಿಂತ ಹೆಚ್ಚು ಬಿಸಿಲು ಮಳೆ ತಿಂದರೂ ಆ ಗೋಡೆ ಬಿತ್ತುವ ಮಣ್ಣಾಗಿಲ್ಲ. ಮಣ್ಣಿನೊಳಗೆ ಹಸಿಯಲ್ಲಿರುವ ಕಲ್ಲು ಅದಕ್ಕಿಂತ ಬೇಗ ಕರಗುತ್ತದೆ ಎನ್ನುವುದು ನಿಜ. ಆದರೂ ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು.

ಕಲ್ಲು ಶಿಥಿಲವಾಗುವುದನ್ನು ಹೊಲದಲ್ಲಿ ನಾವು ತಡೆಯಬೇಕಾಗಿಲ್ಲ. ಅದು ನಮಗೆ ಅನ್ನ ಕೊಡುವ ಕೆಲಸ. ತಡೆಯಬೇಕಾದದ್ದು ಗುಡಿಯ ಗೋಡೆಯಲ್ಲಿ, ಬಾವಿಯ ಕಟ್ಟಡದಲ್ಲಿ. ಅಲ್ಲಿ ಬಿರುಕಿನಾಗ ಅರಳಿ ಸಸಿ ಕಂಡರೆ ಸಣ್ಣದಿದ್ದಾಗಲೇ ಬೇರುಸಹಿತ ತೆಗೆದು ಗಚ್ಚು ತುಂಬಬೇಕು. ಹೊಲದಲ್ಲಿ ತಡೆಯಬೇಕಾದದ್ದು ಆದ ಮಣ್ಣು ಹರಿದು ಹೋಗುವುದನ್ನು.

ಮಣ್ಣು ಹೇಗೆ ಹೋಗುತ್ತದೆ?

ಮಣ್ಣು ಹರಿಯುವ ನೀರಿನಿಂದ ಮಾತ್ರ ಹೋಗುತ್ತದೆ ಎಂದು ತಿಳಿಯುತ್ತೇವೆ. ಮೊದಲ ಪೆಟ್ಟು ಹನಿಯದು. ದೊಡ್ಡ ಮಳೆಹನಿ ತಾಸಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬರಿ ನೆಲದ ಹೆಂಟಿ ಒಡೆದು ರಾಡಿಯಾಗುತ್ತದೆ, ಆ ರಾಡಿ ನೆಲದ ಸಣ್ಣ ಸಣ್ಣ ಬಾಯಿಗಳನ್ನು ಮುಚ್ಚುತ್ತದೆ. ಆಮೇಲೆ ನೀರು ಇಂಗುವುದಿಲ್ಲ, ಹರಿಯುತ್ತದೆ. ಮೊದಲು ಹೊಲದ ತುಂಬ ತೆಳ್ಳಗೆ ಹಾಳೆಯಂತೆ ಹರಿಯುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ಆದರೆ ಮೇಲಿನ ಸಾರವನ್ನೆಲ್ಲ ಒಯ್ಯುವುದು ಇದೇ. ನಂತರ ಬೆರಳಗಲದ ಗೀರುಗಳು ಬೀಳುತ್ತವೆ. ಕಡೆಗೆ ಆಳೆತ್ತರದ ಕೊರಕಲು. ನಾವು ಎಚ್ಚರವಾಗುವುದು ಎತ್ತು ದಾಟದಂಥ ಕೊರಕಲು ಬಿದ್ದ ಮೇಲೆಯೇ.

ನೀರಿನ ಓಟ ಇಮ್ಮಡಿಯಾದರೆ ಅದು ಉರುಳಿಸಿಕೊಂಡು ಹೋಗಬಲ್ಲ ಕಲ್ಲಿನ ತೂಕ 64 ಪಟ್ಟು ಆಗುತ್ತದೆ ಎಂದು ಲೆಕ್ಕ ಹೇಳುತ್ತದೆ. ಅದಕ್ಕೇ ಮಣ್ಣು ಉಳಿಸುವ ಕೆಲಸ ಅಂದರೆ ಮೂಲತಃ ನೀರಿನ ಓಟ ತಗ್ಗಿಸುವ ಕೆಲಸ.

ಈಗ ನಮ್ಮ ಲೆಕ್ಕ ನೋಡೋಣ. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಮಣ್ಣು, ಅಂದರೆ ಒಂದು ಜೋಳದ ಕಾಳಿಗಿಂತ ತೆಳುವಾದ ಪದರು, ತೂಕದಲ್ಲಿ ಸುಮಾರು ಐದು ಟನ್. ಅಳತೆಯಲ್ಲಿ ಸುಮಾರು ಒಂದೂವರೆ ಬ್ರಾಸ್. 1983ರಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜಿನಂತೆ ನಮ್ಮ ದೇಶದಲ್ಲಿ ಸರಾಸರಿ ಹೆಕ್ಟೇರಿಗೆ ವರ್ಷಕ್ಕೆ 16 ಟನ್ನಿಗಿಂತ ಹೆಚ್ಚು ಮಣ್ಣು ಸವೆಯುತ್ತದೆ. ಆ ಸರಾಸರಿಯನ್ನೇ ನಮ್ಮ ಹೊಲಕ್ಕೆ ಹಿಡಿದರೆ, ಸಂಘ ಹುಟ್ಟಿದಂದಿನಿಂದ ಈ ಇಪ್ಪತ್ತೈದು ವರ್ಷದಲ್ಲಿ ಒಂದು ಅಂಗುಲಕ್ಕೂ ಹೆಚ್ಚು ಮಣ್ಣು ಹೋಯಿತು. ಅದು ಮರಳಿ ಬರಲು ನೂರಾರು ವರ್ಷ ಬೇಕು. ಸಂಘದ ಯಾವ ಆಡಿಟ್ ವರದಿಯಲ್ಲೂ ಈ ನಷ್ಟ ಬರೆದಿರುವುದಿಲ್ಲ.

ಹೋದ ಮಣ್ಣು ಸುಮ್ಮನಿರುವುದಿಲ್ಲ. ಜತ್ತದ ಕಡೆ ಹುಟ್ಟಿ ನಮ್ಮ ಜಿಲ್ಲೆಯ ನಡುವೆ ಹರಿಯುವ ಡೋಣಿಯನ್ನು ನೋಡಿರಿ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಹಿರಿಯರು ಹೇಳುತ್ತಿದ್ದರು. ಅದೇ ಡೋಣಿಯ ಪಾತ್ರದಲ್ಲಿ ಹೂಳು ತುಂಬಿ, ದೊಡ್ಡ ಮಳೆಗೆ ನೀರು ದಂಡೆ ಮೀರಿ ಹೊಲಗಳ ಮೇಲೆ ಹರಿಯುತ್ತದೆ. ತುಂಗಭದ್ರಾ ಜಲಾಶಯದ್ದೂ ಅದೇ ಕಥೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. 2016ರ ಅಳತೆಯಲ್ಲಿ ಸುಮಾರು 105ಕ್ಕೆ ಇಳಿದಿತ್ತು. ಆ ಹೂಳು ಯಾರದೋ ಹೊಲದ ಮೇಲ್ಮಣ್ಣು.

ನಮ್ಮ ಭಾಗದಲ್ಲಿ ಯಾಕೆ ಹೆಚ್ಚು?

ಮೊದಲನೆಯದು ನಮ್ಮ ಮಳೆಯ ರೀತಿ. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರದಲ್ಲಿ ನಾಲ್ಕಾರು ಜೋರು ಮಳೆಗಳಲ್ಲಿ ಬೀಳುತ್ತದೆ. 2009ರ ಅಕ್ಟೋಬರದ ಮಳೆಯನ್ನು, 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿದ್ದನ್ನು ಯಾರೂ ಮರೆತಿಲ್ಲ.

ಎರಡನೆಯದು ನಮ್ಮ ಪದ್ಧತಿ. ಹಿಂಗಾರಿ ಜೋಳ, ಕಡಲಿ ಬಿತ್ತಲು ಎರಿ ಹೊಲವನ್ನು ಮುಂಗಾರಿಯೆಲ್ಲ ಹರಗಿ ಹರಗಿ ಬರಿದು ಬಿಡುತ್ತೇವೆ. ಮಳೆ ಬೀಳುವಾಗ ನೆಲದ ಮೈಮೇಲೆ ಬಟ್ಟೆಯಿಲ್ಲ. ಬೆಳೆ ಬಂದು ನೆಲ ಮುಚ್ಚುವಾಗ ಮಳೆಯಿಲ್ಲ.

ಮೂರನೆಯದು ಪಾಲು. ಅಣ್ಣತಮ್ಮಂದಿರು ಬೇರೆಯಾಗುವಾಗ ಮೇಲಿನ ಮಡ್ಡಿಯಲ್ಲೂ ಕೆಳಗಿನ ಎರಿಯಲ್ಲೂ ಎಲ್ಲರಿಗೂ ಸಮ ಬರಲಿ ಎಂದು ಹೊಲವನ್ನು ಮೇಲಿನಿಂದ ಕೆಳಗೆ ಉದ್ದುದ್ದ ಸೀಳುತ್ತೇವೆ. ನ್ಯಾಯವೇನೋ ಆಯಿತು. ಆದರೆ ಪಟ್ಟಿ ಸಣ್ಣದಾದ ಮೇಲೆ ಅಡ್ಡ ಹರಗಲು ಟ್ರ್ಯಾಕ್ಟರ್ ತಿರುಗುವುದಿಲ್ಲ. ಇಳಿಜಾರಿನಗುಂಟ ಉದ್ದಕ್ಕೆ ಹೊಡೆಯುತ್ತೇವೆ. ಪ್ರತಿಯೊಂದು ಸಾಲೂ ನೀರಿಗೆ ಕಾಲುವೆಯಾಗುತ್ತದೆ.

ನಾಲ್ಕನೆಯದು ಮಡ್ಡಿಯ ಗಿಡ ಕಡಿದದ್ದು, ಹುಲ್ಲು ಉಳಿಯದಂತೆ ಮೇಯಿಸಿದ್ದು. ಐದನೆಯದು ಒಡ್ಡು ಕೆಡಿಸಿದ್ದು. ಇದರ ಬಗ್ಗೆ ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ.

ನಾವು ಮಾಡಿದ ತಪ್ಪು

ನಮ್ಮ ಹೊಲದಲ್ಲಿ ಅಜ್ಜನ ಕಾಲದ ಸರ್ಕಾರಿ ಒಡ್ಡು ಎರಡಿದ್ದವು. ಟ್ರ್ಯಾಕ್ಟರ್ ಬಂದ ಮೇಲೆ ಅವು ನಮಗೆ ಅಡ್ಡ ಅನಿಸಿದವು. ಒಡ್ಡಿನ ಜಾಗ ಸೇರಿದರೆ ಹತ್ತು ಸಾಲು ಹೆಚ್ಚು ಬರ್ತಾವ ಅಂತ ಆಸೆಪಟ್ಟು ನಾವೇ ಕೆಡವಿ ಸಪಾಟು ಮಾಡಿದೆವು. ಹಿರಿಯರು ಬ್ಯಾಡಂದರು, ಕೇಳಲಿಲ್ಲ. ಎರಡು ಮೂರು ವರ್ಷ ಹತ್ತು ಸಾಲು ಬಂದವು. 2009ರ ಮಳೆಗೆ ಹೊಲದ ನಟ್ಟನಡುವೆ ಕೊರಕಲು ಬಿತ್ತು. ನಮ್ಮ ಎರಿ ಹೋಯಿತಷ್ಟೇ ಅಲ್ಲ, ಅದರ ಹಿಂದೆ ಮೇಲಿನ ಗರಸೂ ಇಳಿದು ಕೆಳಗಿನವರ ತೊಗರಿಯ ಮೇಲೆ ಕೂತಿತು. ತಪ್ಪು ನಮ್ಮದು, ಹಾನಿ ಅವರದು. ಆದರೂ ನಾವು ಮಳಿ ಹೆಚ್ಚಾದರ ಯಾರೇನು ಮಾಡಬೇಕು ಅಂದುಬಿಟ್ಟೆವು. ಎರಡು ವರ್ಷ ಎರಡೂ ಮನೆಯವರು ಮಾತಾಡಲಿಲ್ಲ. ಮದುವೆಗೆ ಕರೆಯಲಿಲ್ಲ.

ಕಡೆಗೆ ಮತ್ತೊಂದು ಮುಂಗಾರಿ ಹತ್ತಿರ ಬಂದಾಗ ನಾವೇ ಅವರ ಮನೆಗೆ ಹೋದೆವು. ಕಾಕಾ, ತಪ್ಪಾಗೇದ, ಒಡ್ಡು ನಾವು ಹಾಕ್ತೀವಿ, ಕೋಡಿ ಎಲ್ಲಿ ಬಿಡೋಣ ನೀವು ಹೇಳ್ರಿ ಅಂದೆವು. ಅವರು ಒಂದು ಮಾತೂ ಬೈಯದೆ ಎದ್ದು ಬಂದು ತಾವೇ ಕಲ್ಲು ತೋರಿಸಿದರು. ಆ ಕೋಡಿ ಇಂದಿಗೂ ಇದೆ. 2020ರ ಮಳೆಗೂ ನಿಂತಿತು. ಆದರೆ ಕೊರಕಲು ಬಿದ್ದ ಜಾಗದಲ್ಲಿ ಇಂದಿಗೂ ಜೋಳ ಮೊಣಕಾಲ ಮಟ್ಟಕ್ಕೆ ನಿಲ್ಲುತ್ತದೆ. ಹೋದ ಮಣ್ಣು ಕ್ಷಮೆ ಕೇಳಿದರೆ ಬರುವುದಿಲ್ಲ.

ತಡೆಯುವ ಉಪಾಯಗಳು

ನಮ್ಮ ಜಿಲ್ಲೆಗೆ ಈ ವಿದ್ಯೆ ಹೊಸದಲ್ಲ. ಬಿಜಾಪುರದಲ್ಲಿ ಒಣ ಬೇಸಾಯದ ಸಂಶೋಧನೆ 1933ರಲ್ಲೇ ಶುರುವಾಯಿತು. ಮುಂಬಯಿ ಸರ್ಕಾರದ 1942ರ ಭೂ ಸುಧಾರಣಾ ಕಾಯ್ದೆಯ ನಂತರ ಸಮಪಾತಳಿ ಒಡ್ಡುಗಳ ಕೆಲಸ ನಡೆಯಿತು. ಆ ಅನುಭವದಿಂದ ಮತ್ತು ನಮ್ಮ ಅನುಭವದಿಂದ ಕೆಲವು ಮಾತು:

1. ಇಳಿಜಾರಿಗೆ ಅಡ್ಡ ಹರಗಿರಿ, ಅಡ್ಡ ಬಿತ್ತಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಪಟ್ಟಿ ಸಣ್ಣದಿದ್ದರೆ ಅಣ್ಣತಮ್ಮಂದಿರು ಕೂಡಿ, ಬದು ಹಾಗೇ ಇಟ್ಟು, ಒಂದೇ ದಿಕ್ಕಿಗೆ ಬಿತ್ತಬಹುದು.

2. ಮುಂಗಾರಿಯಲ್ಲಿ ಬರಿ ಇರುವ ಎರಿ ಹೊಲಕ್ಕೆ ಚೌಕು ಮಡಿ ಹಾಕಿರಿ. ಇಳಿಜಾರು ನೋಡಿಕೊಂಡು ಹತ್ತರಿಂದ ಹದಿನೈದು ಅಡಿಯ ಮಡಿ ಸಾಕು. ಬಿದ್ದ ಮಳೆ ಬಿದ್ದಲ್ಲೇ ನಿಂತು ಇಂಗುತ್ತದೆ. ಹಿಂಗಾರಿ ಮಳೆ ಕೈಕೊಟ್ಟ ವರ್ಷ ಜೋಳಕ್ಕೆ ಇದೇ ಆಧಾರ.

3. ಒಡ್ಡು ಹಾಕುವಾಗ ಮಣ್ಣಿನ ಜಾತಿ ನೋಡಿರಿ. ಗರಸು ನೆಲದಲ್ಲಿ ಸಮಪಾತಳಿಯ ಒಡ್ಡು ನಡೆಯುತ್ತದೆ. ಆಳವಾದ ಎರಿಯಲ್ಲಿ ಹಾಗಲ್ಲ. ಬ್ಯಾಸಗಿಯಲ್ಲಿ ಒಡ್ಡೇ ಬಾಯಿ ಬಿಡುತ್ತದೆ, ನಿಂತ ನೀರು ಆ ಬಿರುಕಿನಿಂದ ನುಗ್ಗಿ ಒಡೆಯುತ್ತದೆ. ಅಲ್ಲಿ ನೂರು ಅಡಿಗೆ ಮೂರ್ನಾಲ್ಕು ಅಂಗುಲ ಇಳಿವು ಕೊಟ್ಟು, ಹೆಚ್ಚಾದ ನೀರು ಕಲ್ಲು ಕಟ್ಟಿದ ಕೋಡಿಯಿಂದ ಮೆಲ್ಲಗೆ ಹೊರಗೆ ಹೋಗುವಂತೆ ಮಾಡಬೇಕು. ಕೋಡಿಯಿಲ್ಲದ ಒಡ್ಡು ಬಾಗಿಲಿಲ್ಲದ ಮನೆ ಇದ್ದಂತೆ, ನೀರು ಗೋಡೆ ಒಡೆದೇ ಹೋಗುತ್ತದೆ.

4. ಒಡ್ಡಿನ ಮೇಲೆ ಕರಕಿ ಬೆಳೆಯಲು ಬಿಡಿರಿ. ಲಾವಂಚ ಹಚ್ಚಿರಿ. ಗೊಬ್ಬರದ ಗಿಡ ಹಚ್ಚಿದರೆ ಸೊಪ್ಪು ಹೊಲಕ್ಕೆ ಬರುತ್ತದೆ.

5. ಮಳೆ ಅನುಕೂಲವಾದ ವರ್ಷ ಮುಂಗಾರಿಗೆ ಹೆಸರು ಬಿತ್ತಿರಿ. ಎರಡು ತಿಂಗಳು ಚಿಲ್ಲರೆ ದಿನದಲ್ಲಿ ಕೈಗೆ ಬಂದು ಹಿಂಗಾರಿಗೆ ಹೊಲ ತೆರವಾಗುತ್ತದೆ. ಅಷ್ಟರೊಳಗೆ ಅದರ ಎಲೆ ಹನಿಯ ಪೆಟ್ಟು ತಿಂದಿರುತ್ತದೆ.

6. ಕಬ್ಬಿನ ರವದಿ, ಹೊಲದ ಕಸ ಸುಡಬೇಡಿರಿ. ತಿಪ್ಪಿ ಗೊಬ್ಬರ ತಪ್ಪಿಸಬೇಡಿರಿ. ಸಾರವಿರುವ ಮಣ್ಣಿನ ಹೆಂಟಿ ಹನಿಗೆ ಬೇಗ ಒಡೆಯುವುದಿಲ್ಲ.

7. ಕೊರಕಲನ್ನು ತಲೆಯಿಂದ ಕಟ್ಟುತ್ತ ಬನ್ನಿರಿ. ಮೇಲೆ ಸಣ್ಣ ಸಣ್ಣ ಕಲ್ಲಿನ ತಡೆ ಹಾಕದೆ ಕೆಳಗೆ ದೊಡ್ಡ ಕಟ್ಟೆ ಕಟ್ಟಿದರೆ ಅದು ಬೇಗ ಹೂಳಿನಿಂದ ತುಂಬುತ್ತದೆ. ಹರಿದ ನೀರಿಗೆ ಕೃಷಿ ಹೊಂಡ ಇರಲಿ. ಹೊಂಡದ ಹೂಳು ಬ್ಯಾಸಗಿಯಲ್ಲಿ ಮರಳಿ ಹೊಲಕ್ಕೆ ಹೋಗಲಿ.

ಸಂಘಕ್ಕೆ ನಮ್ಮ ಬಿನ್ನಹ

ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಮೇಲಿನವನ ಹೊಲದಲ್ಲಿ ತಪ್ಪಿದರೆ ಕೆಳಗಿನವನ ಹೊಲದಲ್ಲಿ ಪೆಟ್ಟು. ಆದ್ದರಿಂದ ಇದು ಒಬ್ಬರಿಂದ ಆಗುವ ಕೆಲಸ ಅಲ್ಲ, ಸಹಕಾರದ ಕೆಲಸ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತರು ಕೂಡಿ ಹಣ ಉಳಿಸುವುದನ್ನು ಕಲಿತರು. ಈಗ ಕೂಡಿ ಮಣ್ಣು ಉಳಿಸುವುದನ್ನು ಕಲಿಯಬೇಕಾಗಿದೆ.

ಮೂರೇ ಮಾತು ಕೇಳಿಕೊಳ್ಳುತ್ತೇವೆ. ಒಂದು, ಮಟ್ಟ ನೋಡುವ ಸಾಧನ ಸಂಘದ ಗೋದಾಮಿನಲ್ಲಿ ಇರಲಿ. ಮೂರು ಕೋಲು ಕಟ್ಟಿ ನಡುವೆ ತೂಗುಗುಂಡು ಬಿಟ್ಟರೂ ಸಾಕು, ಸಮಪಾತಳಿ ಗೆರೆ ಸಿಗುತ್ತದೆ. ಎರಡು, ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ಒಂದು ಹಳ್ಳದ ಮೇಲ್ಭಾಗದ ಸದಸ್ಯರೂ ಕೆಳಭಾಗದ ಸದಸ್ಯರೂ ಒಂದೇ ಜಮಖಾನದ ಮೇಲೆ ಕೂತು ಕೋಡಿ ಎಲ್ಲಿ ಬಿಡಬೇಕು ಎಂದು ತೀರ್ಮಾನಿಸಲಿ, ಸಂಘದ ಕಾರ್ಯದರ್ಶಿಗಳು ಬರೆದಿಟ್ಟುಕೊಳ್ಳಲಿ. ಮೂರು, ಬೀಜಕ್ಕೆ ಗೊಬ್ಬರಕ್ಕೆ ಸಾಲ ಕೇಳಲು ಬಂದವರಿಗೆ ನಿಮ್ಮ ಒಡ್ಡು ಹ್ಯಾಂಗದರಿ ಅಂತ ಒಂದು ಮಾತು ಕೇಳುವ ರೂಢಿ ಬರಲಿ.

ಓಡುವ ನೀರು ನಡೆಯಲಿ, ನಡೆಯುವ ನೀರು ನಿಲ್ಲಲಿ, ನಿಂತ ನೀರು ಇಂಗಲಿ. ಸಂಘಕ್ಕೆ ಐವತ್ತು ತುಂಬಿದ ದಿನ ನಮ್ಮ ಮಕ್ಕಳು ಇದೇ ವೇದಿಕೆಗೆ ಬಂದು, ಇಪ್ಪತ್ತೈದು ವರ್ಷದಲ್ಲಿ ಒಂದು ಅಂಗುಲ ಮಣ್ಣೂ ಹೋಗಗೊಡಲಿಲ್ಲ ಎಂದು ಹೇಳುವಂತಾಗಲಿ. ನಾಳೆ ಹೊಲಕ್ಕೆ ಹೋದಾಗ ಒಮ್ಮೆ ಒಡ್ಡಿನ ಮೇಲೆ ಅಡ್ಡಾಡಿ ಬರ್ರಿ. ಎಲ್ಲಿ ಇಲಿ ತೂತು ಬಿದ್ದದ, ಎಲ್ಲಿ ಕುಸಿದದ ನೋಡ್ರಿ. ಒಂದು ಬುಟ್ಟಿ ಮಣ್ಣು ಹಾಕ್ರಿ.