ಕನಸಿನಿಂದ ಕ್ರಿಸ್ಮಸ್ ಚಿತ್ರ
(ಅಧ್ಯಾಪಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಡಿಸೆಂಬರ್ ತಿಂಗಳಲ್ಲಿ ಮಕ್ಕಳ ಚಿತ್ರದ ಹಾಳೆಗಳನ್ನು ತಿರುವಿದರೆ ಬಹುತೇಕ ಒಂದೇ ಬಗೆಯ ಚಿತ್ರಗಳು ಕಾಣುತ್ತವೆ: ಹಿಮ ಹೊತ್ತ ಮರ, ಕೆಂಪು ಟೊಪ್ಪಿಯ ಮುದುಕ, ಗಂಟೆ. ಹಿಮವನ್ನೇ ಕಾಣದ ಕಾಸರಗೋಡಿನ ಮಗುವೂ ಹತ್ತಿ ಅಂಟಿಸಿ ಹಿಮ ಮಾಡುತ್ತದೆ. ಇದರಲ್ಲಿ ತಪ್ಪಿಲ್ಲ; ಆದರೆ ಆ ಚಿತ್ರದಲ್ಲಿ ಮಗುವಿನದೆಂಬುದು ಏನಿದೆ? ಇದಕ್ಕೆ ಕ್ರಿಸ್ಮಸ್ ಕಥೆಯೇ ಒಂದು ದಾರಿ ತೋರಿಸುತ್ತದೆ. ಅದು ಕನಸಿನ ದಾರಿ.

ಮತ್ತಾಯನ ಸುವಾರ್ತೆಯ ಮೊದಲ ಎರಡು ಅಧ್ಯಾಯಗಳಲ್ಲಿ ಐದು ಕನಸುಗಳಿವೆ. ನಾಲ್ಕು ಯೋಸೇಫನವು, ಒಂದು, ಮೂಡಣ ದೇಶದಿಂದ ಬಂದ ಜ್ಞಾನಿಗಳದು. ಹೆರೋದನ ಬಳಿಗೆ ಮರಳಬಾರದೆಂದು ಕನಸು ಎಚ್ಚರಿಸಿದ್ದರಿಂದ ಅವರು ಬೇರೆ ಹಾದಿ ಹಿಡಿದು ತಮ್ಮ ನಾಡಿಗೆ ತೆರಳಿದರು.

ಈ ಕನಸನ್ನು ಫ್ರಾನ್ಸಿನ ಓತನ್ ಪಟ್ಟಣದ ಇಗರ್ಜಿಗಾಗಿ 12ನೆಯ ಶತಮಾನದಲ್ಲಿ ಕಂಬದ ಬೋದಿಗೆಯೊಂದರ ಮೇಲೆ ಕೆತ್ತಲಾಯಿತು. ಗಿಸ್ಲೆಬರ್ತುಸ್ ಎಂಬ ಶಿಲ್ಪಿಯ ಹೆಸರಿನೊಡನೆ ಅದನ್ನು ಹೇಳುವುದುಂಟು. ಮೂವರು ಅರಸರು ಕಿರೀಟ ಧರಿಸಿಯೇ ಒಂದೇ ಹೊದಿಕೆಯಡಿ ಮಲಗಿದ್ದಾರೆ. ದೇವದೂತನು ಒಬ್ಬನ ಕೈಯನ್ನು ಬೆರಳ ತುದಿಯಿಂದ ಮುಟ್ಟುತ್ತಾನೆ. ಅವನ ಕಣ್ಣಷ್ಟೇ ತೆರೆದಿದೆ. ಇನ್ನೊಂದು ಕೈ ನಕ್ಷತ್ರವನ್ನು ತೋರುತ್ತದೆ. ಹಾಸಿಗೆಯನ್ನು ಮೇಲಿನಿಂದ ನೋಡಿದಂತೆಯೂ ದೇವದೂತನನ್ನು ಪಕ್ಕದಿಂದ ನೋಡಿದಂತೆಯೂ ಕೆತ್ತಲಾಗಿದೆ. ನಮ್ಮ ಮಕ್ಕಳು ಹೀಗೆಯೇ ಬರೆದಾಗ ನಾವು ಕೆಂಪು ಶಾಯಿಯಿಂದ ತಿದ್ದುತ್ತೇವೆ!

ಕನಸನ್ನೇ ಕಲೆಯ ಗಣಿಯಾಗಿಸಿಕೊಂಡ ಸ್ಪೇನಿನ ಸಾಲ್ವದೋರ್ ದಾಲಿ ಅಮೆರಿಕದ ಹಾಲ್‌ಮಾರ್ಕ್ ಸಂಸ್ಥೆಗಾಗಿ 1960ರ ಸುಮಾರಿಗೆ ಕ್ರಿಸ್ಮಸ್ ಶುಭಾಶಯ ಪತ್ರಗಳನ್ನು ರಚಿಸಿದನು. ಜನ ಮೆಚ್ಚಲಿಲ್ಲ; ಸಂಸ್ಥೆ ಅವನ್ನು ಮಾರಾಟದಿಂದ ಹಿಂದಕ್ಕೆ ತೆಗೆದುಕೊಂಡಿತು. ವ್ಯಾಪಾರಕ್ಕೆ ಕೊಳ್ಳುವವರ ರುಚಿಯೇ ಅಳತೆಗೋಲು. ತರಗತಿಗೆ ಆ ಕಟ್ಟಿಲ್ಲ.

ಆದುದರಿಂದ ಜ್ಞಾನಿಗಳ ಕನಸನ್ನು ಕಥೆಯಾಗಿ ಹೇಳಿರಿ. ಬಳಿಕ ಪ್ರತಿಯೊಂದು ಮಗುವೂ ತಾನು ಕಂಡ ಕನಸೊಂದನ್ನು ಪಕ್ಕದ ಗೆಳೆಯನಿಗೆ ಮನೆಮಾತಿನಲ್ಲೇ ಹೇಳಲಿ. ತುಳುವಾಗಲಿ, ಮಲಯಾಳವಾಗಲಿ, ಮರಾಠಿ, ತೆಲುಗು, ತಮಿಳಾಗಲಿ, ತಡೆಯಬೇಡಿರಿ. ಅನಂತರ ಆ ಕನಸಿನೊಳಕ್ಕೆ ನಕ್ಷತ್ರವನ್ನೋ ಗೋದಲಿಯನ್ನೋ ತಂದು ಚಿತ್ರ ಬರೆಯಲಿ. ಇದ್ದಿಲು, ಬಣ್ಣದ ಸೀಮೆಸುಣ್ಣ, ಹಳೆಯ ಪತ್ರಿಕೆಯ ಚೂರು, ಏನಿದ್ದರೂ ಸಾಕು. ಆನೆಯ ಬೆನ್ನಿನ ಮೇಲೆ ಗೋದಲಿ ಬಂದರೂ ಬರಲಿ. ಕೊನೆಯಲ್ಲಿ ಚಿತ್ರದ ಕೆಳಗೆ ಕನ್ನಡದಲ್ಲಿ ಒಂದೇ ವಾಕ್ಯ ಬರೆಯಲಿ.

ಗಡಿನಾಡಿನ ಅಧ್ಯಾಪಕರಾದ ನಮಗೆ ಆ ವಾಕ್ಯವೇ ಮುಖ್ಯ. ಕಪ್ಪುಹಲಗೆಯಿಂದ ನಕಲು ಮಾಡಿದ ಹತ್ತು ವಾಕ್ಯಗಳಿಗಿಂತ ಅದರ ಬೆಲೆ ಹೆಚ್ಚು; ಏಕೆಂದರೆ ತನ್ನೊಬ್ಬನಿಗೇ ಗೊತ್ತಿರುವುದನ್ನು ಇತರರಿಗೆ ತಿಳಿಸಲು ಮಗು ಕನ್ನಡವನ್ನು ಅರಸಿ ಬಂದಿರುತ್ತದೆ. ಮನೆಮಾತು ಇಲ್ಲಿ ಕನ್ನಡಕ್ಕೆ ಎದುರಾಳಿಯಲ್ಲ, ಮೆಟ್ಟಿಲು.

ಕೆಲವು ಎಚ್ಚರಿಕೆಗಳು ಅಗತ್ಯ. ಕನಸಿಗೆ ಅರ್ಥ ಹೇಳಲು ಹೋಗಬೇಡಿರಿ. ಭಯದ ಕನಸನ್ನು ಹೇಳೆಂದು ಒತ್ತಾಯಿಸಬೇಡಿರಿ. ಕನಸು ನೆನಪಿಲ್ಲದ ಮಗು ಗೋದಲಿಯ ಕುರಿಮರಿ ಏನು ಕನಸು ಕಂಡಿತೆಂದು ಊಹಿಸಿ ಬರೆಯಲಿ. ಅಂಕ ಕೊಡಲೇಬೇಕಾದರೆ ಅಂದಕ್ಕಲ್ಲ, ಇನ್ನೊಬ್ಬರ ಹಾಳೆಯಲ್ಲಿ ಇಲ್ಲದುದಕ್ಕೆ ಕೊಡಿರಿ.

ಈ ಡಿಸೆಂಬರಿನಲ್ಲಿ ನಿಮ್ಮ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಗೋಡೆಯ ಮೇಲೆ ಮೂವತ್ತು ಬೇರೆ ಬೇರೆ ಕ್ರಿಸ್ಮಸ್‌ಗಳು ಕಾಣಲಿ ಎಂದು ಹಾರೈಸುತ್ತೇನೆ.